ನಿಮಗಿದು ಗೊತ್ತೆ? ಮೌಸ್‌ಗೆ ಮೂಲೆ ಸುಲಭ, ಬೆರಳಿಗಲ್ಲ

ಕಂಪ್ಯೂಟರ್ ಪರದೆಯ ಮೇಲೆ ಓಡಾಡುವ ಬಾಣದ ತುದಿ ಸೂಜಿಮೊನೆಯಷ್ಟು. ಎಷ್ಟೇ ಪುಟ್ಟ ಬಟನ್ ಇದ್ದರೂ ಗುರಿಯಿಟ್ಟು ಒತ್ತಬಲ್ಲದು. ಮೊಬೈಲಿನಲ್ಲಿ ಆ ಕೆಲಸ ಬೆರಳಿನದು. ಬೆರಳೋ ದಪ್ಪ, ಸಾಲದ್ದಕ್ಕೆ ತಾನು ಒತ್ತುವುದನ್ನೇ ಮುಚ್ಚಿಬಿಡುತ್ತದೆ! ಅದಕ್ಕೇ ಆಂಡ್ರಾಯ್ಡ್ ಆ್ಯಪ್ ವಿನ್ಯಾಸಕರಿಗೆ ಗೂಗಲ್ ಕೊಡುವ ಸಲಹೆ: ಒತ್ತುವ ಜಾಗ ಉದ್ದಗಲ ಸುಮಾರು 9 ಮಿಲಿಮೀಟರ್ ಇರಲಿ. ಕಾಣುವ ಚಿತ್ರ ಇನ್ನೂ ಚಿಕ್ಕದಿದ್ದರೂ ನಡೆಯುತ್ತದೆ, ಸುತ್ತಲಿನ ಖಾಲಿ ಜಾಗಕ್ಕೂ ಸ್ಪರ್ಶ ತಿಳಿದರಾಯಿತು.

2007ರಲ್ಲಿ ಬಂದ ಮೊದಲ ಐಫೋನಿನ ಪರದೆ ಬರೀ 3.5 ಇಂಚು. ಅಷ್ಟರಲ್ಲೇ ಇಡೀ ಇಂಗ್ಲಿಷ್ ಕೀಲಿಮಣೆ ಹಿಡಿಸಬೇಕಿತ್ತು. ಎಂಜಿನಿಯರುಗಳು ಹೂಡಿದ ಉಪಾಯ ಮಜವಾಗಿದೆ. ಮುಂದೆ ಯಾವ ಅಕ್ಷರ ಬರಬಹುದೆಂದು ತಂತ್ರಾಂಶ ಊಹಿಸಿ, ಆ ಕೀಲಿಯ ಒತ್ತುವ ಜಾಗವನ್ನು ಗುಟ್ಟಾಗಿ ಹಿಗ್ಗಿಸುತ್ತದೆ. ನೋಡುವವರಿಗೆ ಮಾತ್ರ ಕೀಲಿಗಳೆಲ್ಲ ಇದ್ದ ಹಾಗೇ ಇರುತ್ತವೆ.

ಗುರಿ ದೊಡ್ಡದಾಗಿ, ಹತ್ತಿರವಾಗಿ ಇದ್ದಷ್ಟೂ ಬೇಗ ಮುಟ್ಟಬಹುದೆಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಲೆಕ್ಕ ಹಾಕಿ ತೋರಿಸಿದ್ದು 1954ರಲ್ಲಿ. ಆಗಿನ್ನೂ ಮೌಸ್ ಹುಟ್ಟಿರಲಿಲ್ಲ! ಡೆಸ್ಕ್‌ಟಾಪಿನಲ್ಲಿ ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಪರದೆಯ ಅಂಚಿನಲ್ಲೇ ನಿಲ್ಲುತ್ತದೆ. ಹಾಗಾಗಿ ಅಂಚಿನ ಬಟನ್‌ಗಳು ದೊಡ್ಡ ಗುರಿಗಳಿದ್ದಂತೆ, ತಪ್ಪುವುದು ಅಪರೂಪ. ಮ್ಯಾಕ್ ಕಂಪ್ಯೂಟರುಗಳ ಮೆನು ತುತ್ತತುದಿಯಲ್ಲಿರುವುದರ ಲಾಭ ಇದೇ. ಮೊಬೈಲಿನಲ್ಲಿ ಬೆರಳನ್ನು ತಡೆಯುವ ಗೋಡೆಯಿಲ್ಲ, ಜಾರಿದರೆ ಆಚೆಗೇ. ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದರಂತೂ ಮೇಲಿನ ಮೂಲೆ ಹೆಬ್ಬೆರಳಿಗೆ ಎಟುಕುವುದೇ ಇಲ್ಲ. ಎಷ್ಟೋ ಆ್ಯಪ್‌ಗಳ ಮುಖ್ಯ ಬಟನ್‌ಗಳು ಪರದೆಯ ತಳದಲ್ಲಿ ಸಾಲಾಗಿ ಕೂತಿರುವುದು ಅದಕ್ಕೇ.