ಏನನ್ನೂ ಕಾಯದ ಬೀಗಗಳು

ಲಂಡನ್ನಿನ ಪಿಕಡಿಲಿ ಬೀದಿಯ ಅಂಗಡಿಯೊಂದರ ಕಿಟಕಿಯಲ್ಲಿ ಹಲವು ದಶಕಗಳ ಕಾಲ ಒಂದು ಬೀಗವನ್ನು ಪ್ರದರ್ಶನಕ್ಕಿಟ್ಟಿದ್ದರು. ಅದರ ಹಿಂದೆ ಬಾಗಿಲಿರಲಿಲ್ಲ, ತಿಜೋರಿಯೂ ಇರಲಿಲ್ಲ. ಜೊತೆಗಿದ್ದ ಫಲಕದಲ್ಲಿ ಮಾತ್ರ ಒಂದು ಸವಾಲಿತ್ತು: ಈ ಬೀಗವನ್ನು ತೆರೆಯಬಲ್ಲ ಉಪಕರಣವನ್ನು ಯಾರೇ ತಯಾರಿಸಿ ತಂದರೂ ಅವರಿಗೆ 200 ಗಿನಿ, ಅಂದರೆ 210 ಪೌಂಡು, ಬಹುಮಾನ.

ಸವಾಲೆಸೆದವನು ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿ. ಬೀಗವೆಂದರೆ ಗುಟ್ಟು, ಅದರ ಒಳಗನ್ನು ತಿಳಿದವನು ಒಂದೋ ಬೀಗ ಮಾಡುವವನು, ಇಲ್ಲವೇ ಕಳ್ಳ ಎಂದು ಲೋಕ ನಂಬಿದ್ದ ಕಾಲದಲ್ಲಿ ಆತ ತನ್ನ ಬೀಗವನ್ನು ಹಾದಿಹೋಕರೆಲ್ಲರ ಪರೀಕ್ಷೆಗೆ ಒಡ್ಡಿದ. ಇಂದು ಜಗತ್ತಿನ ಹಲವು ಊರುಗಳಲ್ಲಿ ಕೀಲಿಕೈ ಇಲ್ಲದೆ ಬೀಗ ತೆರೆಯುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಅವರ ಮನೆಗಳಲ್ಲಿ ಕಾಣುವ, ಸಾಲಾಗಿ ಬೀಗ ಜೋಡಿಸಿದ ಅಭ್ಯಾಸದ ಹಲಗೆಗಳು ಆ ಕಿಟಕಿಯ ಬೀಗದ ವಂಶಕ್ಕೇ ಸೇರಿದವು.

ಬ್ರಾಮಾನಿಗೆ ಈ ಧೈರ್ಯ ಬಂದದ್ದೇಕೆ? ಅವನಿಗೆ ಹಿಂದಿನ ಬೀಗಗಳೊಳಗೆ ತಪ್ಪು ಕೈಯನ್ನು ತಡೆಯಲು ಕೆಲವು ಅಡ್ಡಪಟ್ಟಿಗಳಿರುತ್ತಿದ್ದವು, ಅಷ್ಟೆ. ಆ ಪಟ್ಟಿಗಳಿಗೆ ತಾಗದಂತೆ ಸವೆಸಿದ ಒಂದು ಸಣಕಲು ಕೈ ಇದ್ದರೆ ಊರಿನ ಅರ್ಧ ಬೀಗಗಳು ಬಾಯಿ ಬಿಡುತ್ತಿದ್ದವು. 1784ರಲ್ಲಿ ಬ್ರಾಮಾ ಪೇಟೆಂಟು ಪಡೆದ ಬೀಗದಲ್ಲಿ ಕೊಳವೆಯಾಕಾರದ ಕೈಯ ಸುತ್ತ ತೆಳುವಾದ ಜಾರುಪಟ್ಟಿಗಳಿದ್ದವು. ಪ್ರತಿಯೊಂದನ್ನೂ ಬೇರೆ ಬೇರೆ ಆಳಕ್ಕೆ ಒತ್ತಿದರೆ ಮಾತ್ರ ಬೀಗ ತಿರುಗುತ್ತಿತ್ತು. 1790ರಲ್ಲಿ ತಯಾರಾದ ಸವಾಲಿನ ಬೀಗದಲ್ಲಿ ಇಂಥ 18 ಪಟ್ಟಿಗಳಿದ್ದವು.

ಬಹುಮಾನ ಗೆಲ್ಲುವವನು ಬರಲು 1851 ಆಗಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನಕ್ಕೆ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕನ್ ಬೀಗತಜ್ಞ ತನ್ನ ಕಂಪನಿಯ ಬೀಗಗಳೊಂದಿಗೆ ಬಂದಿಳಿದ. ಆತ ಮೊದಲು ಕೈ ಹಾಕಿದ್ದು ಬ್ರಿಟನ್ನಿನ ಮತ್ತೊಂದು ಹೆಮ್ಮೆಯಾದ ಚಬ್ ಬೀಗಕ್ಕೆ. ಯಾರಾದರೂ ಒಳಗಿನ ಸನ್ನೆಗಳನ್ನು ಅಗತ್ಯಕ್ಕಿಂತ ಮೇಲೆತ್ತಿದರೆ ಕಚ್ಚಿಕೊಂಡು ನಿಂತು, ಕಳ್ಳಗೈ ಆಡಿದ ಸುಳಿವನ್ನು ಯಜಮಾನನಿಗೆ ಕೊಡುವ ಬೀಗವದು. ಜುಲೈ 22ರಂದು ವೆಸ್ಟ್‌ಮಿನ್‌ಸ್ಟರ್‌ನ ಮನೆಯೊಂದರಲ್ಲಿ, ಸಾಕ್ಷಿಗಳ ಎದುರು, ಹಾಬ್ಸ್ ಅದನ್ನು 25 ನಿಮಿಷಗಳಲ್ಲಿ ತೆರೆದ. ನಮ್ಮ ಅಂಗಡಿಗಳಲ್ಲಿ ಸಿಗುವ ಬೀಗಗಳ ಮೇಲೆ ‘6 ಲಿವರ್’, ‘7 ಲಿವರ್’ ಎಂದು ಅಚ್ಚೊತ್ತಿರುವುದನ್ನು ಓದುಗರು ಗಮನಿಸಿರಬಹುದು. ಆ ಲಿವರ್‌ಗಳು ಇದೇ ಬಗೆಯ ಸನ್ನೆಗಳು.

ಬಳಿಕ ಬ್ರಾಮಾ ಬೀಗದ ಸರದಿ. ಬೀಗವನ್ನು ಮರದ ದಿಮ್ಮಿಯೊಳಗೆ ಕೂರಿಸಿ, ಕೀಲಿಯ ಕಂಡಿ ಮತ್ತು ಕೊಂಡಿ ಮಾತ್ರ ಹೊರಗೆ ಕಾಣುವಂತೆ ಭದ್ರಪಡಿಸಿ ಅವನ ಮುಂದಿಟ್ಟರು. ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಹಾಬ್ಸ್ ಅದನ್ನೂ ಗೆದ್ದ. ತೀರ್ಪುಗಾರರು ಬಹುಮಾನ ಅವನಿಗೇ ಸಲ್ಲಬೇಕೆಂದರು. ಆ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಎದ್ದಿತು. ಬೀಗದ ದೌರ್ಬಲ್ಯವನ್ನು ಹೀಗೆ ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗುವುದಿಲ್ಲವೇ? ಹಾಬ್ಸ್‌ನ ಅನುಭವಗಳನ್ನು ಆಧರಿಸಿ ಚಾರ್ಲ್ಸ್ ಟಾಮ್ಲಿನ್ಸನ್ 1853ರಲ್ಲಿ ಹೊರತಂದ ಬೀಗಶಾಸ್ತ್ರದ ಪುಸ್ತಕ ಇದಕ್ಕೆ ಉತ್ತರ ಕೊಟ್ಟಿತು. ಕಳ್ಳರು ತಮ್ಮ ಕಸುಬಿನಲ್ಲಿ ಆಗಲೇ ಪಳಗಿದವರು, ತಿಳಿಯದೆ ನಷ್ಟಕ್ಕೊಳಗಾಗುವವರು ಸಜ್ಜನರೇ ಎಂಬುದು ಅದರ ವಾದದ ತಿರುಳು.

ಈಗ ಹಲಗೆಯ ಮಾತಿಗೆ ಬರೋಣ. ಹವ್ಯಾಸಿಗಳ ಹಲಗೆಯಲ್ಲಿ ಹೆಚ್ಚಾಗಿರುವುದು ಪಿನ್ನಿನ ಬೀಗ. ಇದರ ತತ್ತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಷ್ಟು ಹಳೆಯದು. ಅದಕ್ಕೆ ಇಂದಿನ ರೂಪ ಕೊಟ್ಟವನು 1860ರ ದಶಕದ ಅಮೆರಿಕದ ಲೈನಸ್ ಯೇಲ್. ಕವಚದೊಳಗೆ ಒಂದು ಉರುಳೆ. ಎರಡನ್ನೂ ಹಾದು ನಿಂತ ಐದಾರು ಪಿನ್ನಿನ ಜೋಡಿಗಳು. ಪ್ರತಿಯೊಂದರ ಮೇಲೂ ಪುಟ್ಟ ಸ್ಪ್ರಿಂಗು. ಸರಿಯಾದ ಕೈ ಹಾಕಿದಾಗ ಎಲ್ಲ ಜೋಡಿಗಳ ಸಂದುಗಳೂ ಉರುಳೆ ಮತ್ತು ಕವಚದ ಗಡಿಗೆ ಸರಿಯಾಗಿ ಬಂದು ನಿಲ್ಲುತ್ತವೆ, ಉರುಳೆ ತಿರುಗುತ್ತದೆ.

ಕೈ ಇಲ್ಲದೆ ಇದು ತೆರೆಯುವುದಾದರೂ ಹೇಗೆ? ಕಾರಣ ಸರಳ. ಯಾವ ಕಾರ್ಖಾನೆಯೂ ಐದು ರಂಧ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ರೇಖೆಯಲ್ಲಿ ಕೊರೆಯಲಾರದು. ಉರುಳೆಯನ್ನು ಮೆಲ್ಲನೆ ತಿರುಚಿ ಹಿಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯುವುದಿಲ್ಲ, ಒಂದು ಮೊದಲು ಬಿಗಿಯುತ್ತದೆ. ಅದನ್ನು ಕೂರಿಸಿದರೆ ಇನ್ನೊಂದು, ಆಮೇಲೆ ಮತ್ತೊಂದು. ಐದು ಬೀಗಗಳ ಸಮಸ್ಯೆ ಹೀಗೆ ಒಂದೊಂದಾಗಿ ಬಿಡಿಸಬಹುದಾದ ಒಗಟಾಗುತ್ತದೆ. ಕಣ್ಣಿಗೆ ಇಲ್ಲಿ ಕೆಲಸವಿಲ್ಲ, ಎಲ್ಲವೂ ಬೆರಳ ತುದಿಯ ಅರಿವು.

ಈ ಅರಿವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವುದೇ ಹಲಗೆಯ ಉದ್ದೇಶ. ಬಾಗಿಲಿನಿಂದ ಕಳಚಿದ ಹಳೆಯ ಬೀಗಗಳೇ ಇದಕ್ಕೆ ಸಾಕು. ದಪ್ಪನೆಯ ಹಲಗೆಗೆ ಬೀಗದ ಅಳತೆಯ ರಂಧ್ರ ಕೊರೆದು ಒಂದೊಂದನ್ನೇ ಕೂರಿಸಿ, ಹಿಂದಿನ ಭಾಗ ಸಲೀಸಾಗಿ ತಿರುಗಲು ಜಾಗ ಬಿಡುತ್ತಾರೆ. ಮೊದಲ ಬೀಗದಲ್ಲಿ ಒಂದೇ ಪಿನ್ನು ಉಳಿಸಿ ಮಿಕ್ಕವನ್ನು ತೆಗೆದಿರುತ್ತಾರೆ. ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಕೊನೆಯ ಬೀಗದಲ್ಲಿ ಡಮರುಗದಂತೆ ನಡು ಸಣ್ಣಗಿರುವ ಪಿನ್ನುಗಳಿರುತ್ತವೆ. ಅವು ಗಡಿಗೆ ಬಂದವೆಂದು ಬೆರಳಿಗೆ ಸುಳ್ಳು ಹೇಳಿ ಮೋಸಗೊಳಿಸುತ್ತವೆ. ಒಂದು ಮೂಲೆಯಲ್ಲಿ, ಒಳಗು ಕಾಣುವಂತೆ ಪಕ್ಕ ಕೊಯ್ದ ಬೀಗವಿದ್ದರೆ ಹೊಸಬರಿಗೆ ಅನುಕೂಲ. ಪ್ರತಿ ಬೀಗದ ಕೆಳಗೂ ಅದರ ಕೈಯನ್ನು ಮೊಳೆಗೆ ತೂಗುಹಾಕುತ್ತಾರೆ. ಹಲಗೆಯನ್ನು ಮೇಜಿಗೆ ಬಿಗಿದು ನೆಟ್ಟಗೆ ನಿಲ್ಲಿಸಿದರೆ ಬೀಗ ಬಾಗಿಲಿನಲ್ಲಿರುವಂತೆಯೇ ಎದುರಿಗಿರುತ್ತದೆ. ಬಿಚ್ಚುವಾಗ ಕೆಳಗೊಂದು ಬಟ್ಟೆ ಹಾಸಿಕೊಳ್ಳದಿದ್ದರೆ ಚಿಮ್ಮಿದ ಸ್ಪ್ರಿಂಗಿಗಾಗಿ ಮನೆಯವರೆಲ್ಲ ನೆಲ ತಡಕಬೇಕಾದೀತು!

1991ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿ ವಲಯದಿಂದ ಹೊರಬಂದ ಕೈಪಿಡಿಯೊಂದು ಈ ಕಲೆಯನ್ನು ಎಲ್ಲೆಡೆ ಹರಡಿತು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹವ್ಯಾಸಿಗಳ ಸಂಘ ಹುಟ್ಟಿ ಸ್ಪರ್ಧೆಗಳನ್ನು ನಡೆಸತೊಡಗಿತು. ನೆದರ್‌ಲೆಂಡ್ಸ್, ಅಮೆರಿಕಗಳಲ್ಲೂ ಸಂಘಗಳು ಬಂದವು. ಈ ಹವ್ಯಾಸಿಗಳು ಸಾಮಾನ್ಯವಾಗಿ ಒಪ್ಪಿಕೊಂಡ ಕಟ್ಟಳೆಗಳು ಎರಡು. ನಿನ್ನದಲ್ಲದ ಬೀಗವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟಬೇಡ. ಬಳಕೆಯಲ್ಲಿರುವ ಬೀಗವನ್ನು, ಅದು ನಿನ್ನದೇ ಆದರೂ, ತೆರೆಯಲು ಹೋಗಬೇಡ. ಎರಡನೆಯದಕ್ಕೆ ಕಾರಣವುಂಟು: ಒಳಗೆ ಪಿನ್ನು ಸಿಕ್ಕಿಕೊಂಡರೆ ನಮ್ಮ ಮನೆಯಿಂದ ನಾವೇ ಹೊರಗೆ! ಹಲಗೆಯ ಮೇಲಿನ ಬೀಗ ಈ ಎರಡೂ ಕಟ್ಟಳೆಗಳನ್ನು ತಾನಾಗಿಯೇ ಪಾಲಿಸುತ್ತದೆ. ಅದು ಒಡೆಯನದೇ, ಮತ್ತು ಅದು ಏನನ್ನೂ ಕಾಯುತ್ತಿಲ್ಲ.

ಆದರೂ ಹಾಬ್ಸ್‌ನ ಕಾಲದ ಪ್ರಶ್ನೆ ಇನ್ನೂ ಜೀವಂತವಾಗಿದೆ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಹೆಸರುವಾಸಿ ಸೈಕಲ್ ಬೀಗವನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದೆಂದು ಒಬ್ಬ ಸೈಕಲ್ ಸವಾರ ಎಲ್ಲರಿಗೂ ತೋರಿಸಿಕೊಟ್ಟ. ಈ ದೋಷದ ಸಂಗತಿ ಬ್ರಿಟನ್ನಿನ ಸೈಕಲ್ ಪತ್ರಿಕೆಯೊಂದರಲ್ಲಿ 1992ರಲ್ಲೇ ಅಚ್ಚಾಗಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ಜಗಜ್ಜಾಹೀರಾದ ಮೇಲೆ ಕಂಪನಿ ಬೀಗಗಳನ್ನು ಬದಲಾಯಿಸಿಕೊಟ್ಟಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಆ ಹನ್ನೆರಡು ವರ್ಷಗಳಲ್ಲಿ ಸೈಕಲ್ ಕಳೆದುಕೊಂಡವರ ಪಾಲಿಗೆ ಗುಟ್ಟು ಕಾವಲಾಗಲಿಲ್ಲ.

ನಮ್ಮ ಪೇಟೆಗಳ ಬೀದಿಬದಿಯಲ್ಲಿ ಅರ ಹಿಡಿದು ಕೂತ ಕೀಲಿ ರಿಪೇರಿಯವರನ್ನು ನೆನೆಯಿರಿ. ಖಾಲಿ ಕೈಯೊಂದನ್ನು ಬೀಗದೊಳಗೆ ತಿರುಚಿ, ಅದರ ಮೇಲೆ ಮೂಡಿದ ಗುರುತು ನೋಡಿ, ಉಜ್ಜಿ ಉಜ್ಜಿ ಹೊಸ ಕೈ ಮಾಡಿಕೊಡುವ ಅವರ ವಿದ್ಯೆಯೂ ಇದೇ. ಕೈ ಕಳೆದುಕೊಂಡು ಬಾಗಿಲಲ್ಲಿ ನಿಂತ ರಾತ್ರಿ ನಾವು ಹುಡುಕುವುದು ಆ ವಿದ್ಯೆ ಬಲ್ಲವರನ್ನೇ. ಬೀಗ ಬಾಗಿಲನ್ನು ಕಾಯುವುದು ಕೆಲ ನಿಮಿಷಗಳ ಮಟ್ಟಿಗೆ, ಹೆಚ್ಚೆಂದರೆ ಹಾಬ್ಸ್‌ನ 51 ಗಂಟೆಗಳ ಮಟ್ಟಿಗೆ. ಉಳಿದ ಕಾವಲೆಲ್ಲ, ತೆರೆಯಲು ಬಲ್ಲವನೂ ತೆರೆಯದೆ ಬಿಡುವ ಸಂಯಮದ್ದು.