ಸೋಲಿನ ಪ್ರಶ್ನೆಗೆ ಉತ್ತರ ಹೇಗಿರಬೇಕು?

'ನೀವು ಸೋತ ಸಂದರ್ಭವೊಂದನ್ನು ವಿವರಿಸಿ.' ಉದ್ಯೋಗ ಸಂದರ್ಶನದಲ್ಲಿ ಈ ಪ್ರಶ್ನೆ ಎದುರಾದೊಡನೆ ಅನೇಕ ಅಭ್ಯರ್ಥಿಗಳು ತಡವರಿಸುತ್ತಾರೆ. 'ನಾನು ಸೋತೇ ಇಲ್ಲ' ಎಂದರೆ ಸಂದರ್ಶಕರು ನಂಬುವುದಿಲ್ಲ. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವ ಗುಣ ಅಭ್ಯರ್ಥಿಯಲ್ಲಿ ಇದೆಯೇ ಎಂಬುದನ್ನು ಅವರು ಪರೀಕ್ಷಿಸುತ್ತಿರುತ್ತಾರೆ.

ಇದಕ್ಕೆ ಇಸ್ರೋ ಇತಿಹಾಸದಲ್ಲೇ ಮಾದರಿಯಿದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕಂಪ್ಯೂಟರ್ ನೀಡಿದ ಎಚ್ಚರಿಕೆಯನ್ನು ಬದಿಗಿಟ್ಟು ಉಡಾವಣೆಗೆ ಒಪ್ಪಿಗೆ ನೀಡಿದ್ದು ತಾವೇ ಎಂದು ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಮುಂದೆ ಸಭೆಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ದೋಷ ಪತ್ತೆಹಚ್ಚಿ ಸರಿಪಡಿಸಿದ ತಂಡ 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ನಿಮ್ಮ ಉತ್ತರದಲ್ಲೂ ಇದೇ ಕ್ರಮವಿರಲಿ: ನಡೆದದ್ದೇನು, ಅದರಲ್ಲಿ ನಿಮ್ಮ ಪಾಲೇನು, ಬಳಿಕ ಏನನ್ನು ಬದಲಿಸಿದಿರಿ. ಎಂಜಿನಿಯರಿಂಗ್‌ನಲ್ಲಿ ಗಣಿತ ಉಳಿಸಿಕೊಂಡಿದ್ದವರು 'ಪ್ರಶ್ನೆಪತ್ರಿಕೆ ಕಠಿಣವಾಗಿತ್ತು' ಎಂದು ದೂರುವುದು ತರವಲ್ಲ. 'ಕೊನೆಯ ವಾರದವರೆಗೆ ಓದನ್ನು ಮುಂದೂಡಿದ್ದೆ. ನಂತರ ಪ್ರತಿದಿನ ಲೆಕ್ಕ ಬಿಡಿಸಿ ತೇರ್ಗಡೆಯಾದೆ' ಎಂದರೆ ಸಾಕು. ಕೆಲಸ ಬದಲಿಸುವವರು ಹಿಂದಿನ ಮೇಲಧಿಕಾರಿಯ ಮೇಲೆ ಹೊಣೆ ಹೊರಿಸಬಾರದು. ಉತ್ತರ ಎರಡು ನಿಮಿಷ ಮೀರದಿರಲಿ. ಅದರಲ್ಲಿ ಹೆಚ್ಚಿನ ಪಾಲು ತಿದ್ದಿಕೊಂಡ ಬಗೆಗೆ ಮೀಸಲಾಗಿರಲಿ.