ಕೈಬಿಡದ ವಿದ್ಯೆ

ಜೂನ್ ತಿಂಗಳು ಬಂತೆಂದರೆ ಕಾಲೇಜು ಮೇಷ್ಟ್ರ ಮನೆಗೆ ಸಲಹೆ ಕೇಳಿ ಬರುವವರು ಹೆಚ್ಚುತ್ತಾರೆ. ಮೊನ್ನೆ ಬಂದವರು ನಮ್ಮ ಬೀದಿಯ ಹಿರಿಯರೊಬ್ಬರು. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಮೊಳೆಗಳ ಕಾಲ ಮುಗಿದಾಗ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದನ್ನು ಕಲಿತರು. ಈಗ ಆ ಕೆಲಸವೂ ಹೋಗಿದೆ. ಕಾಫಿಯ ಲೋಟವನ್ನು ಕೆಳಗಿಟ್ಟು ಅವರು ಕೇಳಿದರು: "ಮೇಷ್ಟ್ರೇ, ನನ್ನ ಮಗಳಿಗೆ ಯಾವ ವಿದ್ಯೆ ಕಲಿಸಿದರೆ ಅದು ನಡುನೀರಿನಲ್ಲಿ ಕೈಬಿಡುವುದಿಲ್ಲ?"

ನಾನು ಕನ್ನಡ ಪಾಠ ಹೇಳುವವನು. ಉದ್ಯೋಗದ ಪೇಟೆಯ ಏರಿಳಿತ ಬಲ್ಲವನಲ್ಲ. ಆದರೂ ಅವರು ಪುಸ್ತಕದ ಕಸುಬಿನವರಾದ್ದರಿಂದ, ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಹುಡುಗನೊಬ್ಬನ ಕಥೆ ಹೇಳಿದೆ.

ಮೈಕೇಲ್ ಫ್ಯಾರಡೆ ಹುಟ್ಟಿದುದು ೧೭೯೧ರಲ್ಲಿ, ಲಂಡನ್ನಿನ ಬಡ ಕಮ್ಮಾರನ ಮನೆಯಲ್ಲಿ. ಓದು, ಬರಹ, ಒಂದಿಷ್ಟು ಲೆಕ್ಕ—ಶಾಲೆಯಲ್ಲಿ ದೊರೆತುದು ಇಷ್ಟೆ. ೧೪ನೆಯ ವಯಸ್ಸಿಗೆ ಏಳು ವರ್ಷಗಳ ಕರಾರಿನ ಮೇಲೆ ಬೈಂಡಿಂಗ್ ಅಂಗಡಿ ಸೇರಿದನು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಡಿಸಿದ ಟಿಕೆಟ್ಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯ ಒದಗಿತು.

ಅವನು ಕೇಳಿದ ರೀತಿಯನ್ನು ಗಮನಿಸಬೇಕು. ಹೇಳಿದುದನ್ನೆಲ್ಲ ಗೀಚಿಕೊಳ್ಳಲು ಹೊರಡಲಿಲ್ಲ. ಮುಖ್ಯವಾದ ಮಾತುಗಳನ್ನೂ ಪ್ರಯೋಗಗಳ ಹೆಸರುಗಳನ್ನೂ ಮಾತ್ರ ಗುರುತು ಹಾಕಿಕೊಂಡನು. ಆ ಗುರುತುಗಳಿಂದ ಎರಡನೆಯ ಟಿಪ್ಪಣಿ, ಅದರಿಂದ ಮೂರನೆಯದು, ಕಡೆಗೆ ಇಡೀ ಉಪನ್ಯಾಸವನ್ನೇ ಮತ್ತೆ ಕಟ್ಟಿ ನಿಲ್ಲಿಸುವಂಥ ಬರಹ. ಜೊತೆಗೆ ಉಪಕರಣಗಳ ಚಿತ್ರಗಳು. (ನನ್ನ ತರಗತಿಯಲ್ಲಿ ಹುಡುಗರು ಕರಿಹಲಗೆಯ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ. ಚಿತ್ರವೇನೋ ಫೋನಿನಲ್ಲಿರುತ್ತದೆ, ಪಾಠ ಎಲ್ಲಿರುತ್ತದೆಯೋ ನಾನರಿಯೆ.) ಅದನ್ನೆಲ್ಲ ತನ್ನ ಕೈಯಿಂದಲೇ ಬೈಂಡ್ ಮಾಡಿ ಡೇವಿಗೆ ಕಳುಹಿಸಿದನು. ಡೇವಿ ಮೆಚ್ಚಿದನು, ಆದರೆ ರಟ್ಟು ಕಟ್ಟುವ ಕಸುಬನ್ನು ಬಿಡಬೇಡವೆಂದು ಬುದ್ಧಿ ಹೇಳಿದನು! ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನ ಜಾಗ ತೆರವಾಯಿತು. ೧೮೧೩ರ ಮಾರ್ಚ್ ೧ರಂದು ಫ್ಯಾರಡೆಗೆ ಆ ಕೆಲಸ ದೊರೆಯಿತು. ವಾರಕ್ಕೆ ೨೫ ಷಿಲಿಂಗ್ ಸಂಬಳ.

ಆಮೇಲೆ ಅವನ ಕೆಲಸ ಎಷ್ಟು ಸಲ ಬದಲಾಯಿತು! ಉಪಕರಣ ಅಣಿಮಾಡುವುದು, ರಾಸಾಯನಿಕ ವಿಶ್ಲೇಷಣೆ, ಕೆಲವು ವರ್ಷ ದುರ್ಬೀನಿಗೆ ತಕ್ಕ ಗಾಜಿನ ತಯಾರಿಕೆ, ೧೮೩೧ರಲ್ಲಿ ಕಾಂತದಿಂದ ವಿದ್ಯುತ್ತನ್ನು ಹೊರಡಿಸಿದ ಮಹಾಶೋಧ, ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ, ೧೮೩೬ರಿಂದ ದೀಪಸ್ತಂಭಗಳ ಬಗೆಗೆ ಸಲಹೆ. ಒಂದೊಂದಕ್ಕೂ ಹೊಸ ಓದು ಬೇಕಾಯಿತು. ಬದಲಾಗದೆ ಉಳಿದುದು ಆ ಹಳೆಯ ಅಭ್ಯಾಸ: ಕಂಡುದನ್ನು ಸರಿಯಾಗಿ ಕಾಣುವುದು, ಇನ್ನೊಬ್ಬನಿಗೆ ತಿಳಿಯುವಂತೆ ಬರೆದಿಡುವುದು. ಪ್ರಯೋಗಗಳ ದಿನಚರಿಯಲ್ಲಿ ಅವನು ಕ್ರಮಸಂಖ್ಯೆ ಕೊಟ್ಟು ಬರೆದ ಪರಿಚ್ಛೇದಗಳು ೧೬ ಸಾವಿರವನ್ನು ಮೀರುತ್ತವೆ. ಸೋತ ಪ್ರಯೋಗಗಳಿಗೂ ಅಲ್ಲಿ ಜಾಗವುಂಟು. ಉನ್ನತ ಗಣಿತ ಅವನಿಗೆ ಬಾರದು. ಆದರೆ ಬರಹ ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಮುಂದೆ ಮ್ಯಾಕ್ಸ್‌ವೆಲ್ ಆ ಭಾವನೆಗಳಿಗೆ ಗಣಿತದ ರೂಪ ಕೊಡುವುದು ಸಾಧ್ಯವಾಯಿತು.

ಮುಪ್ಪಿನಲ್ಲಿ ಫ್ಯಾರಡೆಯ ಜ್ಞಾಪಕಶಕ್ತಿ ಕುಂದಿತು. ಒಮ್ಮೆ ವಾರಗಟ್ಟಲೆ ದುಡಿದು ಪಡೆದ ಫಲಿತಾಂಶಗಳನ್ನು ಕೆಲವು ತಿಂಗಳ ಹಿಂದೆ ತಾನೇ ಪಡೆದಿದ್ದೆನೆಂದು ತನ್ನ ಟಿಪ್ಪಣಿ ನೋಡಿ ಅರಿತನಂತೆ. ನೆನಪು ಹೋದರೂ ಬರಹ ಹೋಗಿರಲಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೂ ಒಂದು ಉಳಿದಿದೆ, ಮೇಷ್ಟ್ರೇ. ಕರಡು ತಿದ್ದುವುದು. ಇಂದಿಗೂ ಮದುವೆಯ ಲಗ್ನಪತ್ರಿಕೆ ಅಚ್ಚಾಗುವ ಮೊದಲು ಜನ ನನ್ನ ಹತ್ತಿರ ತರುತ್ತಾರೆ. ಕಾಸು ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು" ಎಂದು ನಕ್ಕರು.

"ಮಗಳಿಗೆ ಅದನ್ನು ಹೇಳಿಕೊಟ್ಟಿದ್ದೀರಾ?" ಎಂದು ಕೇಳಿದೆ.

"ಇಲ್ಲ" ಎಂದರು. "ಅದೂ ಒಂದು ವಿದ್ಯೆಯೆಂದು ನನಗೆ ತೋರಿರಲೇ ಇಲ್ಲ."